ಅಪ್‌ಡೇಟ್: ಮರುಭೂಮಿಯ ರೆಸಾರ್ಟ್‌ನಿಂದ ಮರಳಿ ಬಂದೆವು

ಅಮ್ಮ ಮತ್ತು ಮಕ್ಕಳೊಂದಿಗೆ ಮೂರು ದಿನ ಆರಾಮವಾಗಿರಲು ಮರುಭೂಮಿಯಲ್ಲಿ ಎಂಥ ರೆಸಾರ್ಟ್ ಹುಡುಕಬೇಕು ಎಂದು ಕೇಳಿದ್ದೆ. ಮೊನ್ನೆ ಹಿಂತಿರುಗಿದೆವು.

ಈಜುಕೊಳದ ನೀರನ್ನು ಬಿಸಿ ಮಾಡುತ್ತಾರೆಯೇ ಎಂದು ಫೋನ್ ಮಾಡಿ ವಿಚಾರಿಸಲು ಹೇಳಿದವರಿಗೆ ದೊಡ್ಡ ನಮಸ್ಕಾರ. ನಾನು ಮೆಚ್ಚಿದ್ದ ಮೊದಲ ಹೋಟೆಲ್ ಆ ಒಂದೇ ಪ್ರಶ್ನೆಗೆ ಪಟ್ಟಿಯಿಂದ ಬಿತ್ತು. ಒಣ ಗಾಳಿ, ಮೋಡವಿಲ್ಲದ ಆಕಾಶ. ಹಗಲಿನ ಕಾವು ರಾತ್ರಿ ಉಳಿಯುವುದೇ ಇಲ್ಲ, ಕೊಳದ ನೀರೂ ತಣ್ಣಗಾಗಿಬಿಡುತ್ತದೆ. ಪೂರ್ವಕ್ಕೆ ಮುಖ ಮಾಡಿದ ಕೋಣೆಯ ಸಲಹೆಯೂ ಫಲಿಸಿತು. ಮಧ್ಯಾಹ್ನದ ಮೇಲೆ ಜಗಲಿ ತುಂಬ ನೆರಳು, ಅಮ್ಮ ಅಲ್ಲಿಂದ ಏಳಲೇ ಇಲ್ಲ.

ಕೈಕೊಟ್ಟದ್ದು ಟೆಂಟ್‌ನಲ್ಲಿ ಮಲಗಿ ಎಂಬ ಸಲಹೆ. ರಾತ್ರಿಯಿಡೀ ಗಾಳಿಗೆ ಬಟ್ಟೆ ಪಟಪಟ ಬಡಿಯಿತು, ಬೆಳಿಗ್ಗೆ ಹಲ್ಲುಜ್ಜುವ ಬ್ರಷ್‌ನಲ್ಲೂ ಮರಳು!

ಇನ್ನೊಂದು: ಅಲ್ಲಿ ಬೆವರು ಕಾಣುವ ಮುಂಚೆಯೇ ಆರಿಹೋಗುತ್ತದೆ. ಮಕ್ಕಳು ಕೇಳದಿದ್ದರೂ ನೀರು ಕುಡಿಸುತ್ತಿರಿ.