ವಿಷಯ: ‘ಅರ್ಬನ್ ವಿಲೇಜ್’ – ಫಲಕಕ್ಕೆ ಕನ್ನಡ ಪದ ಬೇಕು, ತುರ್ತು

ಸ್ನೇಹಿತರೆ,
ಬೆಂಗಳೂರಿನ ಹೊರವರ್ತುಲ ರಸ್ತೆಗೆ ಅಂಟಿಕೊಂಡ ಹಳೆಯ ಊರೊಂದರಲ್ಲಿ ಕಟ್ಟೆ, ಕಲ್ಯಾಣಿ, ಗುಂಡುತೋಪುಗಳನ್ನು ನಿವಾಸಿಗಳೇ ನಕ್ಷೆಯಲ್ಲಿ ಗುರುತಿಸಿ, ಯಾವುದನ್ನು ಹೇಗೆ ಸರಿಪಡಿಸಬೇಕೆಂದು ತೀರ್ಮಾನಿಸುತ್ತಿದ್ದಾರೆ. ಅರಳಿಕಟ್ಟೆಯ ಬಳಿ ನಿಲ್ಲಿಸುವ ಫಲಕ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಅರ್ಬನ್ ವಿಲೇಜ್’, ‘ಪಾರ್ಟಿಸಿಪೇಟರಿ ಡಿಸೈನ್’ ಎರಡಕ್ಕೂ ಪದ ಬೇಕು. ವಾಸ್ತುಶಿಲ್ಪಿಗಳು ಕೊಟ್ಟ ‘ನಗರ ಗ್ರಾಮ’, ‘ಸಹಭಾಗಿತ್ವ ವಿನ್ಯಾಸ’ ಓದಿದ ಹಿರಿಯರೊಬ್ಬರು ‘ಇದು ಯಾವ ಬ್ಯಾಂಕಿನ ಯೋಜನೆ?’ ಎಂದು ಕೇಳಿದರು.

ಮರುತ್ತರ:
ಹಿರಿಯರು ಸರಿಯಾಗಿಯೇ ಕೇಳಿದ್ದಾರೆ. ಕಂದಾಯ ದಾಖಲೆಗಳಲ್ಲಿ ಪದ ಸಿದ್ಧವಾಗಿದೆ: ಗ್ರಾಮಠಾಣಾ. ಹಳ್ಳಿಯ ಜನವಸತಿಯ ಜಾಗಕ್ಕೆ ಅದೇ ಹೆಸರು. ದೆಹಲಿಯವರು 1908ರಲ್ಲಿ ಹಳ್ಳಿಗಳ ಜನವಸತಿಯ ಸುತ್ತ ನಕ್ಷೆಯ ಮೇಲೆ ಎಳೆದ ಕೆಂಪು ಗೆರೆಯಿಂದ ಬಂದ ‘ಲಾಲ್ ಡೋರಾ’ವನ್ನು ಇಂದಿಗೂ ಬಿಟ್ಟಿಲ್ಲ. ನಾವು ಮಾತ್ರ ಇಂಗ್ಲಿಷಿನಿಂದ ಅನುವಾದಿಸಲು ಕೂರುತ್ತೇವೆ.

ಮರುತ್ತರ:
ಠಾಣಾ ಬೇಡ, ಪೊಲೀಸರು ನೆನಪಾಗುತ್ತಾರೆ. ‘ಸ್ಥಾನ’ಕ್ಕೆ ನಮ್ಮ ‘ತಾಣ’ ಇರುವಾಗ ದಫ್ತರದವರ ಮಹಾಪ್ರಾಣ ಏಕೆ? ಗ್ರಾಮವೂ ಬೇಡ. ಒಳ + ಊರು = ಒಳೂರು. ಎರಡನೆಯದಕ್ಕೆ ‘ಕೂಡುಕಟ್ಟಣೆ’. ಮುಗಿಯಿತು.

ಮರುತ್ತರ:
ಮುಗಿಯಲಿಲ್ಲ. ‘ತಾಣ’ವೂ ತದ್ಭವವೇ, ಮಹಾಪ್ರಾಣ ಕಳೆದುಕೊಂಡ ಮಾತ್ರಕ್ಕೆ ಅದು ಅಚ್ಚಗನ್ನಡವಾಗುವುದಿಲ್ಲ. ‘ಠಾಣ’ ಪ್ರಾಕೃತದಲ್ಲೇ ಇದೆ, ದಫ್ತರವನ್ನು ಬೈಯುವ ಮೊದಲು ಅದನ್ನು ನೋಡಿ. ‘ಕೂಡುಕಟ್ಟಣೆ’ ಎಂದರೆ ಜನ ಸಿಮೆಂಟು ಹೊತ್ತು ತಂದಾರು. ಪಳ್ಳಿಯಿಂದ ಬಂದ ನಮ್ಮ ‘ಹಳ್ಳಿ’ ಏನು ಕೇಡು ಮಾಡಿತು? 2007ರಲ್ಲಿ ಪಾಲಿಕೆಗೆ ಸೇರಿದವುಗಳನ್ನು ಪತ್ರಿಕೆಗಳು ಈಗಲೂ ‘110 ಹಳ್ಳಿಗಳು’ ಎಂದೇ ಬರೆಯುತ್ತವೆ. ಕಾವೇರಿ ನೀರಿನ ಸುದ್ದಿ ಬರುವುದೂ ಆ ಹೆಸರಿನಲ್ಲೇ.

ಮರುತ್ತರ:
ಎರವಲು ಬೇಡವೆಂದರೆ ಪ್ರಾಕೃತದ ಪಾಠ ಹೇಳುತ್ತೀರಿ. ಇಂಥವರಿಂದಲೇ ಸರ್ಕಾರಿ ಕನ್ನಡ ಹೀಗಾಗಿದೆ.

ಮರುತ್ತರ (ಕೇಳಿದವರಿಂದ):
ಇಬ್ಬರಿಗೂ ವಂದನೆಗಳು. ಗ್ರಾಮಠಾಣಾ ಎಂದು ಬರೆದರೆ ಖಾತೆ ಮಾಡಿಕೊಡುತ್ತಾರೆಂದು ಜನ ಸಾಲುಗಟ್ಟುತ್ತಾರೆ. ‘ಊರವರು’ ಎಂದರೆ ಅಲ್ಲಿನ ಬಾಡಿಗೆದಾರರು ತಮ್ಮನ್ನಲ್ಲವೆಂದು ದೂರ ನಿಲ್ಲುತ್ತಾರೆ. ಕಲ್ಯಾಣಿಯ ಹೂಳೆತ್ತಲು ಮೊದಲು ಬಂದವರು ಅವರೇ. ಆದ್ದರಿಂದ ‘ಹಳ್ಳಿ’ಯನ್ನು ಉಳಿಸಿಕೊಂಡು, ಪಾರಿಭಾಷಿಕ ಪದದ ಆಸೆ ಬಿಟ್ಟು, ಹೀಗೆ ಬರೆಸುತ್ತಿದ್ದೇನೆ: ‘ನಗರದೊಳಗಿನ ನಮ್ಮ ಹಳ್ಳಿ: ಇಲ್ಲಿ ಬಾಳುವವರೆಲ್ಲ ಕೂಡಿ ರೂಪಿಸುತ್ತಿದ್ದೇವೆ.’

ಮರುತ್ತರ:
‘ರೂಪಿಸು’ ಕನ್ನಡವಲ್ಲ.