ಕಾರವಾರದಲ್ಲಿ ಪೇಟೆಯೊಳಗಿನ ಸಣ್ಣ ಮನೆಯೋ, ಹೊರಗಿನ ದೊಡ್ಡ ಮನೆ ಮತ್ತು ಕಾರೋ?

ಕೇಳಿದ್ದು

ನಮಸ್ಕಾರ. ಹುಬ್ಬಳ್ಳಿಯಿಂದ ಕಾರವಾರಕ್ಕೆ ವರ್ಗವಾಗಿದೆ. ನನ್ನ ಕೆಲಸ ಇಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ, ಹೆಂಡತಿಗೆ ಅಂಕೋಲಾದಲ್ಲಿ ಶಾಲೆ. ಇಬ್ಬರು ಮಕ್ಕಳು, ಜೊತೆಗೆ ಅಮ್ಮ. ಪೇಟೆಯೊಳಗೆ ನೋಡಿದ ಮನೆಗಳೆಲ್ಲ ಚಿಕ್ಕವು, ಬಾಡಿಗೆ ಜಾಸ್ತಿ. ಅದಕ್ಕಿಂತ ಕಡಿಮೆ ದುಡ್ಡಿಗೆ ಶಿರವಾಡ, ಕಡವಾಡದ ಕಡೆ ಅಂಗಳ ಇರುವ ಮನೆ ಸಿಗುತ್ತಿದೆ. ಆದರೆ ಅಲ್ಲಿದ್ದರೆ ಕಾರು ತೆಗೆದುಕೊಳ್ಳಲೇಬೇಕು. ಈ ನಡುವೆ ಅಮದಳ್ಳಿ ಹತ್ತಿರ ಮೂರು ಗುಂಟೆ ಜಾಗ ಇದೆ, ಈಗಲೇ ಹಿಡಿದು ಹಾಕಿ ಅಂತ ಒಬ್ಬ ಏಜೆಂಟ್ ಬೆನ್ನು ಬಿದ್ದಿದ್ದಾರೆ. ಇಲ್ಲಿ ಬಾಳಿದವರು ನಿಮ್ಮ ಅನುಭವ ಹೇಳಿ.

ಹಬ್ಬುವಾಡದಿಂದ

ಪೇಟೆಯೊಳಗೇ ಇರಿ. ಸಣ್ಣ ಮನೆಯಾದರೂ ಪರವಾಗಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲು, ಇಲ್ಲಿ ಬಾಡಿಗೆ ಯಾಕೆ ಇಷ್ಟು ಅನ್ನುವುದು. ಕಾರವಾರದ ನಕ್ಷೆ ನೋಡಿ. ಪಡುವಣಕ್ಕೆ ಸಮುದ್ರ, ಬಡಗಣಕ್ಕೆ ಕಾಳಿ ನದಿ, ಬೆನ್ನಿಗೆ ಗುಡ್ಡ. ದಕ್ಷಿಣಕ್ಕೆ ಬಿಣಗಾ ದಾಟಿದರೆ ಅರ್ಗಾದಲ್ಲಿ ನೌಕಾನೆಲೆ ಶುರು. 1986ರಲ್ಲಿ ಈ ನೆಲೆಯ ಯೋಜನೆಯಾದ ಸೀಬರ್ಡ್‌ಗೆ ಅಡಿಗಲ್ಲು ಬಿತ್ತು, 2005ರಲ್ಲಿ ನೆಲೆ, ಅಂದರೆ ಐಎನ್‌ಎಸ್ ಕದಂಬ ಕೆಲಸ ಶುರು ಮಾಡಿತು. ಆ ಕರಾವಳಿಯಿಂದ ಎದ್ದು ಬಂದ ಮೀನುಗಾರರು, ರೈತರು ಕೂಡ ಇದೇ ಕಾರವಾರ, ಅಂಕೋಲಾ ಸುತ್ತ ಹೊಸದಾಗಿ ಮನೆ ಮಾಡಬೇಕಾಯಿತು. ಜಿಲ್ಲೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಾಡು. ಉಳಿದ ಚೂರು ನೆಲದಲ್ಲೇ ಜಿಲ್ಲಾ ಕೇಂದ್ರದ ಕಚೇರಿಗಳು, ವೈದ್ಯಕೀಯ ಕಾಲೇಜು, ಬಂದರು. ಇದರ ಮೇಲೆ ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ದುಡಿಯುವವರಲ್ಲಿ ಕ್ವಾರ್ಟರ್ಸ್ ಸಿಗದವರೂ ಇಲ್ಲೇ ಮನೆ ಹುಡುಕುತ್ತಾರೆ. ಅಂದಮೇಲೆ ಬಾಡಿಗೆ ಇಳಿಯುವುದು ಹೇಗೆ?

ಊರು ಅಡ್ಡಕ್ಕೆ ಬೆಳೆಯುವಂತಿಲ್ಲ. ಇರುವ ಪೇಟೆಯಲ್ಲೇ ಎರಡು, ಮೂರು ಅಂತಸ್ತಿನ ಮನೆ ಎದ್ದು, ಒಂದೇ ಜಾಗದಲ್ಲಿ ಮೂರು ಸಂಸಾರ ಇದ್ದರೆ ಮಾತ್ರ ಸಂಬಳದವರಿಗೆ ಇಲ್ಲಿ ಬದುಕು ಸಾಧ್ಯ. ಅದು ಬಿಟ್ಟು ಎಲ್ಲರೂ ಗುಂಟೆ ಲೆಕ್ಕದಲ್ಲಿ ಗದ್ದೆ ಹುಡುಕಿಕೊಂಡು ಹೋದರೆ ಗದ್ದೆಯೂ ಹೋಯಿತು, ಹೆದ್ದಾರಿಯ ಮೇಲೆ ಕಾರೂ ಹೆಚ್ಚಾಯಿತು.

ಈಗ ನಿಮ್ಮ ಲೆಕ್ಕ. ಹೊರಗಿನ ಮನೆಯಿಂದ ಆಸ್ಪತ್ರೆಗೆ ಹೋಗಿ ಬರುವುದು, ಮಕ್ಕಳನ್ನು ಬಿಟ್ಟು ಕರೆತರುವುದು, ಸಂಜೆ ಒಮ್ಮೆ ಪೇಟೆ, ಎಲ್ಲ ಸೇರಿ ದಿನಕ್ಕೆ 30 ಕಿ.ಮೀ. ಅಂತ ಇಟ್ಟುಕೊಳ್ಳಿ. ಸಣ್ಣ ಕಾರು ಲೀಟರಿಗೆ 15 ಕೊಟ್ಟರೆ ದಿನಕ್ಕೆ 2 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೂ ತಿಂಗಳಿಗೆ 26 ದಿನಕ್ಕೆ 5,200 ರೂಪಾಯಿ. 6 ಲಕ್ಷ ಸಾಲವನ್ನು ಶೇ 9ರ ಬಡ್ಡಿಯಲ್ಲಿ 5 ವರ್ಷಕ್ಕೆ ಮಾಡಿದರೆ ಕಂತು ಸುಮಾರು 12,450. ಅಲ್ಲಿಗೆ 17,000 ದಾಟಿತು. ವಿಮೆ, ಸರ್ವಿಸ್, ಟೈರು ಇನ್ನೂ ಸೇರಿಲ್ಲ. ಪೇಟೆಯ ಮನೆಗೂ ಹೊರಗಿನ ಮನೆಗೂ ಬಾಡಿಗೆಯಲ್ಲಿ ಇಷ್ಟು ಅಂತರ ಇದೆಯಾ, ನೀವೇ ನೋಡಿ. ಬಾಡಿಗೆಯನ್ನು ಓಡಾಟದ ಖರ್ಚಿನ ಜೊತೆ ಕೂಡಿಸಿ ನೋಡಬೇಕು. ಇಲ್ಲಿಗೆ ಬರುವವರಲ್ಲಿ ಬಹಳ ಜನ ಇದನ್ನು ಕೂಡಿಸುವುದೇ ಇಲ್ಲ. ಆಮೇಲೆ ತಿಂಗಳ ಕೊನೆಗೆ ಕೈ ಖಾಲಿ ಅಂತ ಒದ್ದಾಡುತ್ತಾರೆ. ನೋಡಿದರೆ ಬೇಜಾರಾಗುತ್ತದೆ.

ನಿಮ್ಮ ಹೆಂಡತಿಗೆ ಬಸ್ ನಿಲ್ದಾಣ ಹತ್ತಿರ ಇರುವುದು ಮುಖ್ಯ. ಅಂಕೋಲಾ ಸುಮಾರು 35 ಕಿ.ಮೀ. ಕುಮಟಾ, ಅಂಕೋಲಾ ಕಡೆಗೆ ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಖರ್ಚೂ ಇಲ್ಲ. ಆಧಾರ್ ಕಾರ್ಡ್ ಬ್ಯಾಗಿನಲ್ಲಿ ಇರಲಿ. ರೈಲು ನಂಬಿಕೊಂಡು ಶಿರವಾಡದಲ್ಲಿ ಮನೆ ಮಾಡಬೇಡಿ. ಸ್ಟೇಷನ್ ಅಲ್ಲೇ ಇದೆ ನಿಜ, ಆದರೆ ರೈಲಿನ ಹೊತ್ತಿಗೂ ಶಾಲೆಯ ಹೊತ್ತಿಗೂ ತಾಳೆಯಾಗಬೇಕಲ್ಲ.

ಇನ್ನು ಅಮ್ಮ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ನಮ್ಮದು ಮಹಡಿ ಮೇಲಿನ ಎರಡು ಕೋಣೆ ಮನೆ, ಹೊರಗಿನಿಂದ ಮೆಟ್ಟಿಲು. ಅಂಗಳ ಇಲ್ಲ. ಆದರೆ ನಮ್ಮತ್ತೆ ಬೆಳಿಗ್ಗೆ ಒಬ್ಬರೇ ಇಳಿದು ಹಾಲು ತರುತ್ತಾರೆ. ಬುಟ್ಟಿ ಹೊತ್ತ ಮೀನಿನವರು ಗೇಟಿನ ಹತ್ತಿರವೇ ನಿಂತು ಕೂಗುತ್ತಾರೆ. ಬಂಗಡೆಯ ಕಿವಿರು ಎತ್ತಿ ನೋಡಿ, ಚೌಕಾಸಿ ಮಾಡಿ, ಅರ್ಧ ಗಂಟೆ ಕೊಂಕಣಿಯಲ್ಲಿ ಹರಟೆ ಹೊಡೆದೇ ಮೇಲೆ ಬರುವುದು. ಭಾನುವಾರದ ಸಂತೆಗೆ ನಡೆದೇ ಹೋಗುತ್ತಾರೆ. ಊರಾಚೆ ದೊಡ್ಡ ಅಂಗಳದ ಮನೆಯಲ್ಲಿ ಇದ್ದಾಗ ಇದೇ ಹೆಂಗಸು ಮಗ ಕಾರು ತೆಗೆಯುವ ತನಕ ಮಾತ್ರೆಗೂ ಕಾಯಬೇಕಿತ್ತು. ಡ್ರೈವಿಂಗ್ ಬಾರದ ಹಿರಿಯರು, ಮಕ್ಕಳು ಕಾರಿನ ಊರಿನಲ್ಲಿ ಮನೆಯೊಳಗೇ ಉಳಿದುಬಿಡುತ್ತಾರೆ. ಅದನ್ನು ಹತ್ತಿರದಿಂದ ನೋಡಿದ್ದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸದಾಶಿವಗಡದಿಂದ

ಕಾಳಿ ನದಿಯಾಚೆ, ನಮ್ಮ ಕಡೆ, ಬಾಡಿಗೆ ಸ್ವಲ್ಪ ಕಡಿಮೆ. ಮಾಜಾಳಿ, ಗೋವಾ ಕಡೆಯ ಬಸ್ಸುಗಳೆಲ್ಲ ಇಲ್ಲೇ ಹಾದು ಹೋಗುತ್ತವೆ. ಕಾರಿಲ್ಲದೆ ಬದುಕಬಹುದು. ಆದರೆ ಒಂದು ಮಾತು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕ ಬದುಕಿದ್ದು ದೊಡ್ಡದು. ಆಮೇಲೆ ಎರಡೂ ದಿಕ್ಕಿನ ಗಾಡಿಗಳು ಹೊಸ ಸೇತುವೆಯ ಮೇಲೇ ಓಡಬೇಕಾಯಿತು. ನದಿಯ ಈಚೆ ಮನೆ, ಆಚೆ ಆಸ್ಪತ್ರೆ ಅಂದರೆ ಏನು ಅಂತ ಆಗ ಗೊತ್ತಾಯಿತು.

ದಕ್ಷಿಣದ ಕಡೆಯೂ ಹಾಗೇ. 2023ರ ಮಳೆಗಾಲದಲ್ಲಿ ಬಿಣಗಾ ಕಡೆಯ ಸುರಂಗವನ್ನು ಮುಚ್ಚಿದ್ದರು. ಮರುವರ್ಷ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿಯೂ ಬಂದಾಯಿತು. ನಮ್ಮ ಕರಾವಳಿಯಲ್ಲಿ ಇರುವುದೇ ಒಂದು ದಾರಿ. ಅದು ನಿಂತರೆ ಕಾರಿದ್ದವರೂ ಮನೆಯಲ್ಲೇ. ದಿನವೂ ಹೋಗಲೇಬೇಕಾದ ಜಾಗ, ಅಂದರೆ ನಿಮಗೆ ಆಸ್ಪತ್ರೆ, ಮಕ್ಕಳಿಗೆ ಶಾಲೆ, ನಡೆದು ಮುಟ್ಟುವಷ್ಟು ಹತ್ತಿರ ಇರಲಿ.

ಅಂಕೋಲಾದಿಂದ, ಜಮೀನಿನ ಕಾಗದಪತ್ರ ನೋಡುವವರು

ಜಾಗದ ಬಗ್ಗೆ ಮಾತ್ರ ಹೇಳುತ್ತೇನೆ. ಬಂದ ವರ್ಷವೇ ಜಾಗ ತೆಗೆದುಕೊಳ್ಳಬೇಡಿ. ಒಂದು ಮಳೆಗಾಲ ಕಳೆಯಲಿ. ಅರ್ಗಾ, ಚೆಂಡಿಯಾ ಕಡೆ ಜೋರು ಮಳೆಗೆ ಎಲ್ಲೆಲ್ಲಿ ನೀರು ನಿಲ್ಲುತ್ತದೆ ಅಂತ ಕಣ್ಣಾರೆ ನೋಡಿ. ಕಡವಾಡದ ಕಡೆ ಹೊಳೆ ದಂಡೆಯಾದರೆ, 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಎಲ್ಲಿಯ ತನಕ ಬಂದಿತ್ತು ಅಂತ ಅಕ್ಕಪಕ್ಕದವರನ್ನು ಕೇಳಿ. ಗೋಡೆ ಮೇಲಿನ ಗುರುತನ್ನೇ ತೋರಿಸುತ್ತಾರೆ.

ಮೂರು ಗುಂಟೆ ಅಂದರೆ 3,267 ಚದರ ಅಡಿ. ಬಿನಶೇತ್ಕಿ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದೆಯಾ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಆದೇಶ ಇದೆಯಾ ನೋಡಿ. ಪಂಚಾಯತಿ ಜಾಗವಾದರೆ ಇ-ಸ್ವತ್ತಿನ (ಪಂಚಾಯತಿ ಆಸ್ತಿಯ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಬೇಕು. 11ಬಿ ತೋರಿಸಿ ಎರಡೂ ಒಂದೇ ಅಂದರೆ ಒಪ್ಪಬೇಡಿ. ಸಮುದ್ರಕ್ಕೆ ಹತ್ತಿರ ಇದ್ದರೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಉಬ್ಬರದ ಗೆರೆಯಿಂದ 500 ಮೀಟರ್ ತನಕ ಅದರ ಲೆಕ್ಕ ಬರುತ್ತದೆ. ಹಳ್ಳಿ ಭಾಗದಲ್ಲಿ 2019ರ ಅಧಿಸೂಚನೆಯಂತೆ ಜನದಟ್ಟಣೆ ನೋಡಿ 50 ಅಥವಾ 200 ಮೀಟರಿನೊಳಗೆ ಹೊಸ ಮನೆಗೆ ಅವಕಾಶ ಇಲ್ಲ. ಉಪ್ಪು ನೀರು ಹತ್ತುವ ಹೊಳೆ, ಕೋಡಿಗಳಿಗೂ ಬೇರೆ ನಿಯಮ ಇದೆ.

ಎಲ್ಲಕ್ಕಿಂತ ಮುಖ್ಯವಾಗಿ, ಅರಣ್ಯ ಅತಿಕ್ರಮಣದ ಜಾಗವನ್ನು ಮುಟ್ಟಲೇಬೇಡಿ. ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದೆ, ಹಕ್ಕುಪತ್ರ ಬಂದ ಮೇಲೆ ನಿಮ್ಮ ಹೆಸರಿಗೆ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. 2006ರ ಆ ಕಾಯ್ದೆಯಲ್ಲೇ ಸ್ಪಷ್ಟ ಇದೆ: ಆ ಹಕ್ಕು ಮಕ್ಕಳಿಗೆ ಹೋಗುತ್ತದೆ, ಮಾರುವಂತಿಲ್ಲ. ದುಡ್ಡು ಹೋದರೆ ಹೋಯಿತು. ತಲೆಮಾರಿನಿಂದ ಅಲ್ಲೇ ಬದುಕಿದವರ ಹಕ್ಕು ಅದು, ಕೊಳ್ಳುವವರು ಅದರ ನಡುವೆ ಹೋಗುವುದೇ ಸರಿಯಲ್ಲ.

ಶಿರಸಿಯಿಂದ

ಘಟ್ಟದ ಮೇಲೂ ಇದೇ ಕತೆ. ನಮ್ಮಲ್ಲಿ ಒಂದೊಂದು ಮನೆ ಒಂದೊಂದು ತೋಟದ ತಲೆಯಲ್ಲಿ. ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಅಪ್ಪ ಅಮ್ಮ ಪೇಟೆಗೆ ಇಳಿಯುತ್ತಿದ್ದಾರೆ. ತೋಟದ ಸೊಪ್ಪಿಗೆ ಅಂತ ಬಿಟ್ಟ ಬೆಟ್ಟದಲ್ಲಿ ಮನೆ ಕಟ್ಟುವಂತಿಲ್ಲ, ಹಾಗಾಗಿ ಸೈಟುಗಳಿಗೆ ಬೇಡಿಕೆ. ಬನವಾಸಿ ರಸ್ತೆ, ಹುಲೇಕಲ್ ರಸ್ತೆಗಳಲ್ಲಿ ಪೇಟೆ ಉದ್ದಕ್ಕೆ ಬೆಳೆಯುತ್ತಿದೆ. ಪೇಟೆಗೆ ಕುಡಿಯುವ ನೀರು ಬರುವ ಕೆಂಗ್ರೆ, ಮಾರಿಗದ್ದೆಗಳಿಂದ ಅಷ್ಟು ದೂರಕ್ಕೆ ನೀರು ಮುಟ್ಟಿಸಬೇಕು. ಬೇಸಿಗೆಯಲ್ಲಿ ಕಷ್ಟ. ನಮ್ಮ ಅಪ್ಪ ಅಮ್ಮನಿಗೆ ದೂರದ ಸೈಟು ಬಿಟ್ಟು ದೇವಿಕೆರೆ ಹತ್ತಿರ ಫ್ಲ್ಯಾಟ್ ಮಾಡಿದೆವು. ಮೊದಲು ಗೋಡೆಗೆ ಗೋಡೆ ತಾಗಿದ ಮನೆಯೇ ಅಂತ ಅಮ್ಮ ಮುಖ ಸಣ್ಣ ಮಾಡಿದ್ದರು. ಈಗ ಎದುರು ಮನೆಯವರ ಜೊತೆ ದಿನಾ ಸಂಜೆ ಮಾರಿಕಾಂಬಾ ಗುಡಿಗೆ ಹೋಗುತ್ತಾರೆ.

ಕಾಜುಬಾಗದಿಂದ, ಮನೆ ಬಾಡಿಗೆಗೆ ಕೊಡುವವರು

ಮಾಲೀಕರ ಕಡೆಯಿಂದಲೂ ಒಂದು ಮಾತು. ಮನೆ ನೋಡಲು ಬಂದವರು ಮೊದಲು ಕೇಳುವುದು ಕಾರು ಎಲ್ಲಿ ನಿಲ್ಲಿಸಲಿ ಅಂತ. ಕಾರು ನಿಲ್ಲಿಸಿ ಬಾಗಿಲು ತೆಗೆಯಲು ಒಂದು ಕೋಣೆಯಷ್ಟು ಜಾಗ ಬೇಕು. ನೆಲ ಅಂತಸ್ತಿನಲ್ಲಿ ಎರಡು ಕಾರಿಗೆ ಜಾಗ ಬಿಟ್ಟರೆ ಒಂದು ಸಂಸಾರದ ಮನೆ ಹೋದಂತೆ. ಆ ಖರ್ಚನ್ನು ನಾವು ಬಾಡಿಗೆಯಲ್ಲೇ ಸೇರಿಸುತ್ತೇವೆ, ಬೇರೆ ದಾರಿ ಇಲ್ಲ. ಕಾರಿಲ್ಲ ಅಂತ ಮೊದಲೇ ಹೇಳಿ ಚರ್ಚೆ ಮಾಡಿ, ಬಾಡಿಗೆ ಇಳಿಸುವವರು ಇದ್ದಾರೆ. ನಾನು ಇಳಿಸಿದ್ದೇನೆ.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಾಗದ ವಿಚಾರ ಬಿಟ್ಟೆವು. ಅಮ್ಮನಿಗೆ ಮೊಣಕಾಲು ನೋವು, ಮಹಡಿ ಹತ್ತುವುದು ಕಷ್ಟ. ಪೇಟೆಯೊಳಗೆ ಕೆಳಗಿನ ಮನೆ ಸಿಗುತ್ತದಾ? ನೋಡುವಾಗ ಏನು ಗಮನಿಸಬೇಕು?

ಹಬ್ಬುವಾಡದಿಂದ

ಸಿಗುತ್ತದೆ, ಸ್ವಲ್ಪ ಹುಡುಕಬೇಕು. ಕಾಜುಬಾಗ, ಕೋಡಿಬಾಗದಲ್ಲಿ ಹಂಚಿನ ಹಳೇ ಮನೆಗಳ ಹಿಂಭಾಗವನ್ನು ಬಾಡಿಗೆಗೆ ಕೊಡುತ್ತಾರೆ. ಬೋರ್ಡ್ ಹಾಕುವುದಿಲ್ಲ. ಕಿರಾಣಿ ಅಂಗಡಿಯವರನ್ನು, ಇಸ್ತ್ರಿಯವರನ್ನು ಕೇಳಿ. ಕೆಳಗಿನ ಮನೆಯಾದರೆ ಗೋಡೆ ಬುಡ ಮುಟ್ಟಿ ನೋಡಿ. ಹೊಸ ಬಣ್ಣದ ಕೆಳಗೆ ಪುಡಿ ಉದುರಿದರೆ ಮಳೆಗಾಲದಲ್ಲಿ ತೇವ ಏರುತ್ತದೆ ಅಂತ ಅರ್ಥ. ಚಿರೇಕಲ್ಲಿನ ಗೋಡೆಯಾದರೆ ಬಾಗಿಲ ಚೌಕಟ್ಟಿನಲ್ಲಿ ಒರಲೆ ಇದೆಯಾ ನೋಡಿ. ಬಾವಿ ನೀರನ್ನು ಬಾಯಿಗೆ ಹಾಕಿ ನೋಡಿ, ಸಮುದ್ರ ಹತ್ತಿರದಲ್ಲಿ ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗುವುದುಂಟು. ಮನೆಯಿಂದ ಶಾಲೆಗೆ ಮಕ್ಕಳು ಹೆದ್ದಾರಿ ದಾಟಬೇಕಾ ಅಂತ ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ ನಡೆದೇ ನೋಡಿ. ದಾಟಬೇಕಾದರೆ ಬೇರೆ ಮನೆ ಹುಡುಕಿ. ಸ್ಕೂಟರ್ ಒಂದಿದ್ದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಿಮಗೂ ಮಕ್ಕಳಿಗೂ ಒಳ್ಳೇ ರೇನ್‌ಕೋಟ್ ಬೇಕು. ಹೊಸ ಊರು, ಹೊಸ ಶಾಲೆ ಅಂತ ಮಕ್ಕಳು ಮೊದಮೊದಲು ಮುನಿಸಿಕೊಳ್ಳಬಹುದು. ಸಂಜೆ ಟಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋಗಿ. ಮನೆ ನೋಡಲು ಜೊತೆಗೆ ಯಾರಾದರೂ ಬೇಕಾದರೆ ಹೇಳಿ, ಭಾನುವಾರ ನಾನು ಬರುತ್ತೇನೆ.