ಆಮ್ಲಜನಕ ಕಡಿಮೆಯಾದಾಗ ಉತ್ಕರ್ಷಣ ಒತ್ತಡ ಹೆಚ್ಚುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿ. ಆಮ್ಲಜನಕದ ಕೊರತೆಯಲ್ಲಿ ಜೀವಕೋಶದ ಉತ್ಕರ್ಷಣ ಒತ್ತಡ (ಸೂಪರ್‌ಆಕ್ಸೈಡ್‌ನಂಥ, ಆಮ್ಲಜನಕದಿಂದ ಹುಟ್ಟುವ ಚುರುಕು ಅಣುಗಳ ಹಾವಳಿ) ಏರಿ, ಜೀನ್‌ಗಳ ನಿಯಂತ್ರಣವೂ ಬದಲಾಗುತ್ತದೆ ಎಂದು ಓದಿದೆ. ಆಮ್ಲಜನಕವೇ ಇಳಿದ ಮೇಲೆ ಸೂಪರ್‌ಆಕ್ಸೈಡ್ ಏರುವುದಾದರೂ ಹೇಗೆ?

ಉತ್ತರ: ಈ ಅನುಮಾನ ಸಹಜವೇ. ಮೊದಲು, ಆಮ್ಲಜನಕದ ಕೊರತೆಯಲ್ಲಿ ಜೀನ್‌ಗಳನ್ನು ಚಾಲೂ ಮಾಡುವ ಎಚ್‌ಐಎಫ್-1 ಆಲ್ಫಾ (ಮುಂದೆ ಬರೀ ಎಚ್‌ಐಎಫ್) ಎಂಬ ಪ್ರೋಟೀನನ್ನು ನೋಡೋಣ. ಆಮ್ಲಜನಕ ಸಾಕಷ್ಟಿದ್ದಾಗ ಪ್ರೋಲಿಲ್ ಹೈಡ್ರಾಕ್ಸಿಲೇಸ್ ಕಿಣ್ವವು ಫೆರಸ್ ಕಬ್ಬಿಣದ ನೆರವಿನಿಂದ ಅದಕ್ಕೆ ಗುರುತು ಹಾಕುತ್ತದೆ. ಆ ಗುರುತನ್ನು, ಪ್ರೋಟೀನ್‌ಗಳನ್ನು ನಾಶಕ್ಕೆ ಕಳಿಸುವ ವಿಎಚ್‌ಎಲ್ ಪ್ರೋಟೀನ್ ಹಿಡಿಯುವುದರಿಂದ ಎಚ್‌ಐಎಫ್ ನಿಮಿಷಗಳಲ್ಲೇ ನಾಶವಾಗುತ್ತದೆ. ಆಮ್ಲಜನಕ ಇಳಿದಾಗ ಅದು ಉಳಿದುಕೊಂಡು, ಕೋಶಕೇಂದ್ರಕ್ಕೆ ಹೋಗಿ, ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೊಪೊಯೆಟಿನ್, ರಕ್ತನಾಳ ಬೆಳೆಸುವ ವಿಇಜಿಎಫ್ ಮುಂತಾದವುಗಳ ಜೀನ್‌ಗಳನ್ನು ಚಾಲೂ ಮಾಡುತ್ತದೆ. 2019ರ ವೈದ್ಯಕೀಯ ನೊಬೆಲ್ ಸೆಮೆಂಜಾ, ರ‍್ಯಾಟ್‌ಕ್ಲಿಫ್ ಮತ್ತು ಕೇಲಿನ್ ಅವರಿಗೆ ಸಂದದ್ದು ಈ ವ್ಯವಸ್ಥೆಯನ್ನು ಬಿಡಿಸಿಟ್ಟದ್ದಕ್ಕೇ.

ಇನ್ನು ನಿಮ್ಮ ಪ್ರಶ್ನೆ. ಕೊರತೆಯೆಂದರೆ ಶೂನ್ಯವಲ್ಲ. ಶೇ. 1ರಷ್ಟು ಆಮ್ಲಜನಕವಿದ್ದರೂ, ಮೈಟೊಕಾಂಡ್ರಿಯದ ಉಸಿರಾಟದ ಸರಪಳಿಯ (ಎಲೆಕ್ಟ್ರಾನ್ ಸಾಗಿಸುವ ಪ್ರೋಟೀನ್‌ಗಳ ಸಾಲಿನ) ಮೂರನೆಯ ಸಂಕೀರ್ಣದಲ್ಲಿ ದಾರಿ ತಪ್ಪಿದ ಎಲೆಕ್ಟ್ರಾನ್‌ಗಳು ಅದಕ್ಕೆ ಅಂಟಿ ಸೂಪರ್‌ಆಕ್ಸೈಡ್ ಆಗಲು ಅಷ್ಟು ಸಾಕು. ಅದರಿಂದ ಹುಟ್ಟಿದ ಹೈಡ್ರೋಜನ್ ಪೆರಾಕ್ಸೈಡ್ ಹೊರಬಂದು, ಹೈಡ್ರಾಕ್ಸಿಲೇಸಿನ ಫೆರಸ್ ಕಬ್ಬಿಣವನ್ನು ಉತ್ಕರ್ಷಿಸಿ ಕಿಣ್ವವನ್ನು ಇನ್ನಷ್ಟು ಮಂದಗೊಳಿಸುತ್ತದೆ ಎಂಬುದು ಒಂದು ವಿವರಣೆ. ಆದರೆ ಆಮ್ಲಜನಕ ಪೂರ್ತಿ ಇಲ್ಲವಾದಾಗ, ಉಸಿರಾಟದ ಸರಪಳಿಯೇ ಇಲ್ಲದ ಕೋಶಗಳಲ್ಲೂ ಎಚ್‌ಐಎಫ್ ಉಳಿಯುತ್ತದೆ. ಆದ್ದರಿಂದ ನಾನು ಉತ್ಕರ್ಷಣ ಒತ್ತಡವನ್ನು ಮೂಲ ಸೂಚನೆ ಎನ್ನುವುದಿಲ್ಲ, ಅದನ್ನು ಗಟ್ಟಿಗೊಳಿಸುವ ದನಿ ಎನ್ನುತ್ತೇನೆ. ಎಚ್‌ಐಎಫ್ ಕೂಡ ಸುಮ್ಮನಿರುವುದಿಲ್ಲ: ಪಿಡಿಕೆ1 ಜೀನನ್ನು ಎಬ್ಬಿಸಿ, ಗ್ಲೂಕೋಸ್ ಒಡೆದಾಗ ಸಿಗುವ ಪೈರುವೇಟ್ ಮೈಟೊಕಾಂಡ್ರಿಯದ ಸಿಟ್ರಿಕ್ ಆಮ್ಲ ಚಕ್ರ ಸೇರುವುದನ್ನು ತಗ್ಗಿಸಿ, ಆ ಒತ್ತಡವನ್ನೇ ಇಳಿಸುತ್ತದೆ.

ಪ್ರಶ್ನೆ: ಧನ್ಯವಾದ ಮೇಡಂ. ನಮ್ಮಲ್ಲಿ ಹೈಪಾಕ್ಸಿಯಾ ಚೇಂಬರ್ (ಕೋಶಗಳನ್ನು ಕಡಿಮೆ ಆಮ್ಲಜನಕದಲ್ಲಿ ಬೆಳೆಸುವ ಪೆಟ್ಟಿಗೆ) ಇಲ್ಲ. ಅದರ ಬದಲು, ಆಮ್ಲಜನಕವಿದ್ದರೂ ಎಚ್‌ಐಎಫ್ ಉಳಿಯುವಂತೆ ಮಾಡುವ ಕೋಬಾಲ್ಟ್ ಕ್ಲೋರೈಡ್ ಹಾಕಿದರೆ ಆದೀತೇ?

ಉತ್ತರ: ಎಚ್‌ಐಎಫ್ ಪಟ್ಟಿಯನ್ನು ಬ್ಲಾಟ್‌ನಲ್ಲಿ (ಪ್ರೋಟೀನ್ ಇದೆಯೇ ಎಂದು ಪಟ್ಟಿಯಾಗಿ ತೋರಿಸುವ ಪರೀಕ್ಷೆಯಲ್ಲಿ) ನೋಡುವುದಷ್ಟೇ ಉದ್ದೇಶವಾದರೆ ಆದೀತು. ಆದರೆ ಕೋಬಾಲ್ಟ್ ತಾನೇ ಉತ್ಕರ್ಷಣ ಒತ್ತಡವನ್ನು ಹುಟ್ಟಿಸಿ ಆ ಒತ್ತಡಕ್ಕೆ ಕೋಶ ಕೊಡುವ ಉತ್ತರವಾದ ಎನ್‌ಆರ್‌ಎಫ್2 ಮಾರ್ಗವನ್ನೂ ಎಬ್ಬಿಸುವುದರಿಂದ, ನಿಮ್ಮ ಪ್ರಶ್ನೆಗೆ ಅದು ಸರಿಯಾದ ಸಾಧನವಲ್ಲ. ಎರಡೂ ಏರಿಸಬಲ್ಲ ಹೀಮ್ ಆಕ್ಸಿಜನೇಸ್-1 ಕಿಣ್ವ ಏರಿದರೆ, ಕಾರಣ ಎಚ್‌ಐಎಫ್ ಅಥವಾ ಎನ್‌ಆರ್‌ಎಫ್2 ಯಾವುದೆಂದು ಹೇಳಲಾಗದು. ಬೇರೆ ಪ್ರಯೋಗಾಲಯದ ಚೇಂಬರ್ ಸಿಕ್ಕರೆ, ಕೋಶಗಳನ್ನು ಒಡೆಯುವ ಲೈಸಿಸ್ ದ್ರಾವಣವನ್ನು ಮಂಜುಗಡ್ಡೆಯಲ್ಲಿಟ್ಟು ಸಿದ್ಧವಾಗಿರಿ, ಕೋಶಗಳ ತಟ್ಟೆ ಹೊರತೆಗೆದ ಕೂಡಲೇ ಅದರ ಮೇಲೆ ಸುರಿಯಿರಿ. ಹೊರಗಾಳಿಯಲ್ಲಿ ಐದು ನಿಮಿಷ ತಡವಾದರೂ ಪಟ್ಟಿ ಮಸುಕಾಗುತ್ತದೆ.